ಯಾವ ಜಾಗ, ಎಷ್ಟು ಹೊತ್ತು: ಪಾರ್ಶ್ವವಾಯುವಿನಲ್ಲಿ ಮೆದುಳಿಗೆ ಆಗುವುದೇನು?

ಪಾರ್ಶ್ವವಾಯು ಹೆಚ್ಚಿನವರಿಗೆ ನೋಯುವುದಿಲ್ಲ. ಈ ಕಾಯಿಲೆಯ ಬಗ್ಗೆ ಮೊದಲು ತಿಳಿದಿರಬೇಕಾದ ಸಂಗತಿ ಇದೇ. ಯಾರಾದರೂ ಎದೆ ಹಿಡಿದುಕೊಂಡು ಕುಸಿದರೆ ಮನೆಯವರೆಲ್ಲ ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ. ಅದೇ, ಕೈಯಲ್ಲಿದ್ದ ಲೋಟ ಜಾರಿ ಬಿದ್ದರೆ, ಮಾತು ಸ್ವಲ್ಪ ತೊದಲಿದರೆ, "ಸುಸ್ತಾಗಿರಬೇಕು, ಸ್ವಲ್ಪ ಹೊತ್ತು ಮಲಗಿ" ಅನ್ನುತ್ತಾರೆ. ಮೆದುಳಿನ ಒಳಗೆ ನೋವು ತಿಳಿಸುವ ನರಗಳೇ ಇಲ್ಲ. ಅದರ ಒಂದು ಭಾಗ ಸಾಯುತ್ತಿದ್ದರೂ ನೋವಿನ ಮೂಲಕ ಅದು ನಮಗೆ ಗೊತ್ತಾಗುವುದಿಲ್ಲ. ಎಷ್ಟೋ ಜನರ ವಿಷಯದಲ್ಲಿ, ಚಿಕಿತ್ಸೆ ಕೊಡಬಹುದಾಗಿದ್ದ ಗಂಟೆಗಳು ಹೀಗೆ ಮಲಗಿ ನೋಡುವುದರಲ್ಲೇ ಕಳೆದುಹೋಗುತ್ತವೆ.

ಹಾಗಾಗಿ ಈ ಕಾಯಿಲೆ ಅರ್ಥವಾಗಬೇಕಾದರೆ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಹೋಗಬೇಕು. ಮೆದುಳಿನ ಯಾವ ಜಾಗಕ್ಕೆ ಪೆಟ್ಟು ಬಿದ್ದಿದೆ? ಪೆಟ್ಟು ಬಿದ್ದು ಎಷ್ಟು ಹೊತ್ತಾಯಿತು? ಲಕ್ಷಣಗಳು, ಪರೀಕ್ಷೆಗಳು, ಚಿಕಿತ್ಸೆ, ಚೇತರಿಕೆ ಎಲ್ಲವೂ ಈ ಎರಡರ ಸುತ್ತಲೇ ನಡೆಯುತ್ತವೆ.

ರಕ್ತ ನಿಂತಾಗ

ಮೆದುಳಿನ ತೂಕ ನಮ್ಮ ದೇಹದ ತೂಕದಲ್ಲಿ ಸುಮಾರು 2 ಶೇಕಡಾ ಮಾತ್ರ. ಆದರೆ ದೇಹಕ್ಕೆ ಬೇಕಾಗುವ ಆಮ್ಲಜನಕದಲ್ಲಿ ಸುಮಾರು 20 ಶೇಕಡಾ ಅದಕ್ಕೇ ಬೇಕು. ಸ್ನಾಯುಗಳ ಹಾಗೆ ಅದು ಶಕ್ತಿಯನ್ನು ಕೂಡಿಟ್ಟುಕೊಳ್ಳುವುದಿಲ್ಲ. ರಕ್ತ ಬರುತ್ತಲೇ ಇರಬೇಕು. ಮೆದುಳಿನ ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡು ಚಿಕಿತ್ಸೆ ಸಿಗದಿದ್ದರೆ, ಸರಾಸರಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಒಮ್ಮೆ ಸತ್ತ ನರಕೋಶ ಮತ್ತೆ ಬದುಕುವುದಿಲ್ಲ.

ಆದರೆ ಎಲ್ಲವೂ ಒಂದೇ ಸಲಕ್ಕೆ ಸಾಯುವುದಿಲ್ಲ. ಇಡೀ ಚಿಕಿತ್ಸೆ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಕಾಲುವೆಯ ಬಾಯಿ ಕಟ್ಟಿಕೊಂಡರೆ ಹೊಲದ ನಡುವಿನ ಪೈರು ಬೇಗ ಒಣಗುತ್ತದೆ. ಅಂಚಿನ ಪೈರಿಗೆ ಪಕ್ಕದ ಹೊಲದಿಂದ ಜಿನುಗುವ ನೀರು ಸ್ವಲ್ಪ ಸಿಗುತ್ತಿರುತ್ತದೆ. ಅದು ಬಾಡುತ್ತದೆ, ಆದರೆ ಕೂಡಲೇ ಸಾಯುವುದಿಲ್ಲ. ಮೆದುಳಿನಲ್ಲೂ ಹೀಗೇ. ಮಾಮೂಲಿಯಾಗಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಇದು ಸುಮಾರು 20ಕ್ಕಿಂತ ಕೆಳಗೆ ಇಳಿದರೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ, ಆದರೆ ಜೀವ ಇರುತ್ತದೆ. ಸುಮಾರು 10ಕ್ಕಿಂತ ಕೆಳಗೆ ಇಳಿದರೆ ಬೇಗ ಸಾಯುತ್ತವೆ. ಅಂದರೆ ಸತ್ತ ಭಾಗದ ಸುತ್ತ, ಸುಮ್ಮನಾಗಿರುವ ಆದರೆ ಇನ್ನೂ ಬದುಕಿರುವ ಒಂದು ಅಂಚು ಇರುತ್ತದೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ ಕಡೆ ಕೆಲಸ ನಿಂತಿರುತ್ತದೆ, ಕೈ ಏಳುವುದಿಲ್ಲ. ಆದರೆ ಸಮಯಕ್ಕೆ ಸರಿಯಾಗಿ ರಕ್ತ ಮರಳಿದರೆ ಆ ಅಂಚು ಮತ್ತೆ ಕೆಲಸ ಶುರು ಮಾಡುತ್ತದೆ. ಆಸ್ಪತ್ರೆಯಲ್ಲಿ ನಡೆಯುವ ಅಷ್ಟೂ ಓಡಾಟ ಈ ಅಂಚನ್ನು ಉಳಿಸಿಕೊಳ್ಳುವುದಕ್ಕೆ.

ಅಂಚು ಎಷ್ಟು ಹೊತ್ತು ಬದುಕಿರುತ್ತದೆ ಅನ್ನುವುದು ಪಕ್ಕದ ನಾಳಗಳಿಂದ ಎಷ್ಟು ರಕ್ತ ಜಿನುಗುತ್ತದೆ ಅನ್ನುವುದರ ಮೇಲಿದೆ. ಮೆದುಳಿನ ತಳದಲ್ಲಿ ರಕ್ತನಾಳಗಳು ಒಂದು ಬಳೆಯ ಆಕಾರದಲ್ಲಿ ಕೂಡಿಕೊಂಡಿವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ಉಳಿದಿದೆ. ಒಂದು ಕಡೆ ದಾರಿ ಕಟ್ಟಿದರೆ ಇನ್ನೊಂದು ಕಡೆಯಿಂದ ರಕ್ತ ಬರಲಿ ಎಂಬಂತಿದೆ ಇದರ ರಚನೆ. ಆದರೆ ಬಹಳ ಜನರಲ್ಲಿ ಈ ಬಳೆ ಪೂರ್ತಿಯಾಗಿ ಕೂಡಿರುವುದಿಲ್ಲ. ಅದಕ್ಕೇ ಒಂದೇ ನಾಳ ಕಟ್ಟಿದರೂ ಒಬ್ಬರಿಗೆ ಒಂದು ಗಂಟೆಯಲ್ಲಿ ದೊಡ್ಡ ಹಾನಿಯಾಗುತ್ತದೆ, ಇನ್ನೊಬ್ಬರ ಮೆದುಳು ಹತ್ತು ಗಂಟೆಯಾದರೂ ಸಾಕಷ್ಟು ಉಳಿದಿರುತ್ತದೆ.

ಜಾಗ ಹೇಳುವ ಕಥೆ

ಮೆದುಳಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಜಾಗ ಇದೆ ಎಂಬುದು ಗೊತ್ತಾಗಿದ್ದೇ ಇಂಥ ಹಾನಿಗಳಿಂದ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಅವರ ಬಳಿ ಒಬ್ಬ ರೋಗಿ ಇದ್ದ. ಬೇರೆಯವರು ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು. ಆದರೆ ಏನೇ ಕೇಳಿದರೂ ಬಾಯಿಂದ ಬರುತ್ತಿದ್ದದ್ದು "ತಾನ್" ಎಂಬ ಒಂದೇ ಸದ್ದು. ಅವನು ತೀರಿಕೊಂಡ ಮೇಲೆ ನೋಡಿದಾಗ ಮೆದುಳಿನ ಎಡಗಡೆ, ಮುಂಭಾಗದ ಕೆಳಗೆ ಹಾನಿಯಾಗಿತ್ತು. 1874ರಲ್ಲಿ ಕಾರ್ಲ್ ವೆರ್ನಿಕೆ ಇದಕ್ಕೆ ತಿರುಗುಮುರುಗಾದ ತೊಂದರೆಯನ್ನು ವಿವರಿಸಿದರು. ಅಂಥವರ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಅರ್ಥ ಇರುವುದಿಲ್ಲ. ಬೇರೆಯವರು ಹೇಳಿದ್ದೂ ತಿಳಿಯುವುದಿಲ್ಲ. ಈ ಹಾನಿ ಇರುವುದು ಎಡಗಡೆಯೇ, ಸ್ವಲ್ಪ ಹಿಂದೆ. ಬಲಗೈ ಬಳಸುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ, ಎಡಗೈ ಬಳಸುವವರಲ್ಲೂ ಬಹುಪಾಲು ಜನರಿಗೆ, ಭಾಷೆಯ ಜಾಗ ಎಡ ಮೆದುಳಿನಲ್ಲೇ ಇರುತ್ತದೆ.

ಮೆದುಳಿನಿಂದ ಇಳಿಯುವ ನರತಂತುಗಳು ಕತ್ತಿನ ಮೇಲ್ಭಾಗದ ಹತ್ತಿರ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುತ್ತವೆ. ಹಾಗಾಗಿ ಎಡ ಮೆದುಳಿಗೆ ಹಾನಿಯಾದರೆ ಬಲಗೈ ಬಲಗಾಲು ಬೀಳುತ್ತದೆ, ಜೊತೆಗೆ ಮಾತು ಹೋಗಬಹುದು. ಹೆಚ್ಚಾಗಿ ಕಟ್ಟಿಕೊಳ್ಳುವುದು ಮೆದುಳಿನ ನಡುವಿನ ದೊಡ್ಡ ನಾಳ. ಅದು ಕಟ್ಟಿದಾಗ ಕಾಲಿಗಿಂತ ಮುಖ ಮತ್ತು ಕೈ ಜಾಸ್ತಿ ಸೋಲುತ್ತವೆ. ಮುಂದಿನ ನಾಳ ಕಟ್ಟಿದರೆ ಕಾಲು ಜಾಸ್ತಿ ಸೋಲುತ್ತದೆ. ಹಿಂದಿನ ನಾಳ ಕಟ್ಟಿದರೆ ನೋಟದ ಅರ್ಧ ಭಾಗ ಅಳಿಸಿಹೋಗುತ್ತದೆ. ಒಂದು ಕಣ್ಣು ಹೋಯಿತು ಎಂದು ಅಂಥವರಿಗೆ ಅನ್ನಿಸುತ್ತದೆ. ನಿಜವಾಗಿ ಎರಡೂ ಕಣ್ಣುಗಳಲ್ಲಿ ಒಂದೇ ಬದಿಯ ನೋಟ ಹೋಗಿರುತ್ತದೆ.

ಬಲ ಮೆದುಳಿನ ಹಾನಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಮನೆಯವರು ಇದನ್ನು ತಪ್ಪಾಗಿ ತಿಳಿಯುವುದೇ ಜಾಸ್ತಿ. ಮಾತು ಚೆನ್ನಾಗಿರುತ್ತದೆ, ಹಾಗಾಗಿ ದೊಡ್ಡದೇನೂ ಆಗಿಲ್ಲ ಅನ್ನಿಸುತ್ತದೆ. ಆದರೆ ಎಡಗಡೆಯ ಪ್ರಪಂಚವೇ ಅವರ ಗಮನದಿಂದ ಜಾರಿಹೋಗಿರುತ್ತದೆ. ತಟ್ಟೆಯ ಬಲ ಅರ್ಧದಲ್ಲಿರುವುದನ್ನು ಮಾತ್ರ ತಿಂದು ಮುಗಿಸುತ್ತಾರೆ. ಮುಖದ ಅರ್ಧಕ್ಕೆ ಮಾತ್ರ ಶೇವ್ ಮಾಡಿಕೊಳ್ಳುತ್ತಾರೆ. ಕೆಲವರು ಸೋತ ಕೈಯನ್ನು ಎದುರಿಗೆ ಹಿಡಿದು ತೋರಿಸಿದರೂ "ನನ್ನ ಕೈಗೆ ಏನೂ ಆಗಿಲ್ಲ" ಅನ್ನುತ್ತಾರೆ. ಇದು ಹಟ ಅಲ್ಲ, ನಾಟಕವೂ ಅಲ್ಲ. ತನಗೇನಾಗಿದೆ ಎಂದು ತಿಳಿಸುವ ಜಾಗಕ್ಕೇ ಪೆಟ್ಟು ಬಿದ್ದಿರುತ್ತದೆ. ಅದಕ್ಕೇ ಪಾರ್ಶ್ವವಾಯು ಆದವರು "ನಾನು ಚೆನ್ನಾಗಿದ್ದೇನೆ, ಆಸ್ಪತ್ರೆ ಬೇಡ" ಎಂದರೆ ಅದನ್ನು ನಂಬಿ ಕೂರಬಾರದು.

ಮೆದುಳಿನ ಹಿಂದೆ ಕೆಳಗಿರುವ ಕಿರುಮೆದುಳಿಗೆ ಹಾನಿಯಾದರೆ ಕೈಕಾಲಿನ ಶಕ್ತಿ ಇರುತ್ತದೆ, ಹಿಡಿತ ಹೋಗುತ್ತದೆ. ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ, ಆಸರೆಯಿಲ್ಲದೆ ನಿಲ್ಲಲು ಆಗುವುದಿಲ್ಲ. ಇದನ್ನು ಹೊಟ್ಟೆಯ ತೊಂದರೆ, ಕಿವಿಯ ತೊಂದರೆ ಎಂದುಕೊಂಡು ಬಿಟ್ಟುಬಿಡುವುದುಂಟು. ಮೆದುಳಿನ ಕಾಂಡಕ್ಕೆ ಹಾನಿಯಾದರೆ ಎರಡು ಕಾಣುತ್ತದೆ, ನುಂಗಲು ಆಗುವುದಿಲ್ಲ, ಉಸಿರಾಟಕ್ಕೇ ಕುತ್ತು ಬರಬಹುದು.

ಜಾಗದ ಮುಂದೆ ಗಾತ್ರ ಎಷ್ಟೋ ಸಲ ಲೆಕ್ಕಕ್ಕೇ ಬರುವುದಿಲ್ಲ. ಇಡೀ ಅರ್ಧ ದೇಹವನ್ನು ಆಡಿಸುವ ತಂತುಗಳು ಮೆದುಳಿನ ಆಳದಲ್ಲಿ ಒಂದು ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿ ಹಾದುಹೋಗುತ್ತವೆ. ಅಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕ ಹಾನಿ ಮುಖ, ಕೈ, ಕಾಲು ಮೂರನ್ನೂ ಬೀಳಿಸಬಲ್ಲದು. ಹಣೆಯ ಹಿಂದಿನ ಭಾಗದಲ್ಲಿ ಅದಕ್ಕಿಂತ ದೊಡ್ಡ ಹಾನಿಯಾದರೂ ಕೈಕಾಲಿಗೆ ಏನೂ ಆಗದೆ, ಸ್ವಭಾವ ಮಾತ್ರ ಬದಲಾಗಬಹುದು. 1848ರಲ್ಲಿ ಅಮೆರಿಕದಲ್ಲಿ ರೈಲುದಾರಿಯ ಕೆಲಸ ಮಾಡುತ್ತಿದ್ದ ಫಿನಿಯಸ್ ಗೇಜ್ ಎಂಬಾತನ ತಲೆಯ ಮುಂಭಾಗದ ಮೂಲಕ ಕಬ್ಬಿಣದ ಸಲಾಕೆ ತೂರಿಹೋಯಿತು. ಆತ ಬದುಕಿದ, ನಡೆದ, ಮಾತಾಡಿದ. ಆದರೆ ಗೆಳೆಯರಿಗೆ ಆತ ಮೊದಲಿನ ಗೇಜ್ ಅನ್ನಿಸಲಿಲ್ಲ.

ಕಟ್ಟುವುದು, ಒಡೆಯುವುದು

ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ನಾಳ ಕಟ್ಟಿಕೊಳ್ಳುವುದು ಒಂದು, ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಜಾಸ್ತಿ ಆಗುವುದು ಮೊದಲನೆಯದು. ಎರಡನೆಯದು ಅದಕ್ಕಿಂತ ಕಡಿಮೆ, ಆದರೆ ಪ್ರಾಣಕ್ಕೆ ಹೆಚ್ಚು ಅಪಾಯ.

ನಾಳ ಕಟ್ಟಿಕೊಳ್ಳುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಕತ್ತಿನಲ್ಲಿರುವ ದೊಡ್ಡ ನಾಳಗಳ ಗೋಡೆಯಲ್ಲಿ ವರ್ಷಗಳ ಕಾಲ ಕೊಬ್ಬು ಸೇರಿ, ಒಂದು ದಿನ ಅದರ ಮೇಲ್ಪದರ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದರ ಚೂರು ಮೇಲೆ ಹೋಗಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ದಾರಿ ಹೃದಯದಿಂದ ಬರುತ್ತದೆ. ಹೃದಯದ ಮೇಲಿನ ಕೋಣೆ ಲಯ ತಪ್ಪಿ ನಡುಗಲು ಶುರುವಾದರೆ, ಅದರ ಮೂಲೆಯಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಈ ಲಯದ ತೊಂದರೆಗೆ ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಇದು ಪಾರ್ಶ್ವವಾಯುವಿನ ಅಪಾಯವನ್ನು ಸುಮಾರು 5 ಪಟ್ಟು ಹೆಚ್ಚಿಸುತ್ತದೆ. ಹೃದಯದಿಂದ ಬರುವ ಹೆಪ್ಪು ದೊಡ್ಡದಿರುವುದರಿಂದ ಹಾನಿಯೂ ದೊಡ್ಡದು. ಮೂರನೆಯದು ಮೆದುಳಿನ ಆಳದ ಕೂದಲೆಳೆಯಂಥ ನಾಳಗಳದ್ದು. ಬಿಪಿ ಮತ್ತು ಶುಗರ್ ವರ್ಷಗಟ್ಟಲೆ ಏರಿಯೇ ಇದ್ದರೆ ಅವುಗಳ ಗೋಡೆ ದಪ್ಪವಾಗಿ ಒಳದಾರಿ ಮುಚ್ಚಿಹೋಗುತ್ತದೆ.

ನಾಳ ಒಡೆಯುವುದಕ್ಕೂ ದೊಡ್ಡ ಕಾರಣ ಬಿಪಿಯೇ. ಅದೇ ಸಣ್ಣ ನಾಳಗಳು ಈ ಸಲ ಮುಚ್ಚುವ ಬದಲು ಬಿರಿಯುತ್ತವೆ. ವಯಸ್ಸಾದವರಲ್ಲಿ ನಾಳದ ಗೋಡೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಸೇರಿ ಗೋಡೆ ಪೆಡಸಾಗಿ, ಮೆದುಳಿನ ಹೊರಭಾಗದ ಹತ್ತಿರ ರಕ್ತ ಸೋರುವುದೂ ಉಂಟು. ಮೆದುಳಿನ ತಳದ ನಾಳದಲ್ಲಿ ಗುಳ್ಳೆಯಂತೆ ಉಬ್ಬಿದ ಜಾಗ ಒಡೆದರೆ ಮಾತ್ರ ಚಿತ್ರ ಪೂರ್ತಿ ಬೇರೆ. ಇಲ್ಲಿ ನೋವು ಇರುತ್ತದೆ, ಭಯಂಕರವಾದ ನೋವು. ಜೀವನದಲ್ಲಿ ಯಾವತ್ತೂ ಬಂದಿರದಂಥ ತಲೆನೋವು, ಒಂದೇ ಕ್ಷಣದಲ್ಲಿ ಬಡಿದಂತೆ ಬರುತ್ತದೆ. ಇಂಥ ತಲೆನೋವು ಬಂದರೆ ಕೈಕಾಲು ಸರಿಯಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಇದು ವಯಸ್ಸಾದವರ ಕಾಯಿಲೆ ಮಾತ್ರ ಅಲ್ಲ. ಚಿಕ್ಕ ವಯಸ್ಸಿನವರಲ್ಲಿ ಕಾರಣಗಳು ಬೇರೆ ಇರುತ್ತವೆ. ಕತ್ತಿಗೆ ಏಟು ಬಿದ್ದೋ ತಿರುಚಿಯೋ ನಾಳದ ಒಳಪದರ ಸೀಳಬಹುದು. ಸಂಧಿವಾತ ಜ್ವರದಿಂದ ಹೃದಯದ ಕವಾಟ ಹಾಳಾಗಿರಬಹುದು. ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಆಗ ಮೆದುಳಿನಿಂದ ರಕ್ತ ಹೊರಗೆ ಒಯ್ಯುವ ನಾಳಗಳೇ ಕಟ್ಟಿಕೊಳ್ಳಬಹುದು. ಬಾಣಂತಿಗೆ ದಿನದಿಂದ ದಿನಕ್ಕೆ ಏರುವ ತಲೆನೋವು, ಫಿಟ್ಸ್, ಮಂಜಾದ ಕಣ್ಣು ಕಂಡರೆ ಇದನ್ನು ಯೋಚಿಸಬೇಕು.

ಪಾರ್ಶ್ವವಾಯು ಅಲ್ಲದ ಹಾನಿಯೂ ಒಂದೇ ಜಾಗಕ್ಕೆ ಸೀಮಿತವಾಗಿ ಆಗಬಹುದು. ತಲೆಗೆ ಏಟು, ಗಡ್ಡೆ, ಕೀವು, ಕ್ಷಯದ ಗಂಟು, ಲಾಡಿಹುಳುವಿನ ಮರಿಯ ಚೀಲ, ಹೀಗೆ. ಜಾಗ ಒಂದೇ ಆದರೆ ಲಕ್ಷಣವೂ ಒಂದೇ, ಬಲಗೈ ಸೋಲುತ್ತದೆ ಅಷ್ಟೆ. ಹಾಗಾದರೆ ವೈದ್ಯರು ಹೇಗೆ ಬೇರೆ ಮಾಡುತ್ತಾರೆ? ಇಲ್ಲಿ ಎರಡನೆಯ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ನಿಮಿಷದಲ್ಲಿ ಆಗಿದ್ದರೆ ರಕ್ತನಾಳದ ತೊಂದರೆ. ಜ್ವರದ ಜೊತೆ ದಿನಗಳಲ್ಲಿ ಏರಿದ್ದರೆ ಸೋಂಕು. ವಾರ, ತಿಂಗಳುಗಳಲ್ಲಿ ಮೆಲ್ಲಗೆ ಬೆಳೆದಿದ್ದರೆ ಗಡ್ಡೆ. ಇದಕ್ಕೆ ಅಪವಾದಗಳಿವೆ, ಆದರೂ ಸ್ಕ್ಯಾನ್‌ಗೆ ಮುಂಚೆಯೇ "ಯಾವಾಗ, ಹೇಗೆ ಶುರುವಾಯಿತು?" ಎಂದು ಪದೇಪದೇ ಕೇಳುವುದು ಇದಕ್ಕೇ.

ಮನೆಯಲ್ಲಿರುವವರ ಕೈಯಲ್ಲಿರುವುದು

ನಗಲು ಹೇಳಿ, ಬಾಯಿ ಒಂದು ಕಡೆಗೆ ಜಾರುತ್ತದೆಯೇ ನೋಡಿ. ಎರಡೂ ಕೈ ಮುಂದೆ ಚಾಚಲು ಹೇಳಿ, ಒಂದು ಕೈ ಕೆಳಗೆ ಇಳಿಯುತ್ತದೆಯೇ ನೋಡಿ. ಒಂದು ವಾಕ್ಯ ಹೇಳಿಸಿ, ಮಾತು ತೊದಲುತ್ತದೆಯೇ, ತಪ್ಪು ಪದ ಬರುತ್ತದೆಯೇ ಗಮನಿಸಿ. ಇದ್ದಕ್ಕಿದ್ದಂತೆ ನೋಟ ಹೋಗುವುದು, ಎರಡು ಕಾಣುವುದು, ನಡೆಯಲು ತೂಕ ತಪ್ಪುವುದು ಇವನ್ನೂ ಸೇರಿಸಿಕೊಳ್ಳಿ. ಇವುಗಳಲ್ಲಿ ಒಂದೇ ಒಂದು ಇದ್ದಕ್ಕಿದ್ದಂತೆ ಬಂದಿದ್ದರೂ ಸಾಕು, ಆಂಬುಲೆನ್ಸ್ ಕರೆಯಿರಿ. ಸಿಟಿ ಸ್ಕ್ಯಾನ್ ಇರುವ, ಪಾರ್ಶ್ವವಾಯುವಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ಸ್ಕ್ಯಾನ್ ಇಲ್ಲದ ಕಡೆ ಹೋಗಿ ಅಲ್ಲಿಂದ ಮತ್ತೆ ಹೊರಡುವುದರಲ್ಲಿ ಮೊದಲ ಗಂಟೆ ಮುಗಿದುಹೋಗುತ್ತದೆ.

ಹೊರಡುವ ಮುಂಚೆ ಒಂದು ಸಮಯ ನೆನಪಿಟ್ಟುಕೊಳ್ಳಿ. ಅವರು ಚೆನ್ನಾಗಿದ್ದದ್ದನ್ನು ಕೊನೆಯ ಸಲ ಯಾರು, ಎಷ್ಟು ಗಂಟೆಗೆ ನೋಡಿದರು? ಗಡಿಯಾರ ಶುರುವಾಗುವುದು ಅಲ್ಲಿಂದ, ನಾವು ತೊಂದರೆ ಗಮನಿಸಿದ ಹೊತ್ತಿನಿಂದ ಅಲ್ಲ. ರಾತ್ರಿ 10ಕ್ಕೆ ಚೆನ್ನಾಗಿ ಮಲಗಿದವರು ಬೆಳಿಗ್ಗೆ 6ಕ್ಕೆ ಏಳುವಾಗ ಕೈ ಬಿದ್ದಿದ್ದರೆ, ಲೆಕ್ಕ ರಾತ್ರಿ 10ರಿಂದಲೇ. ಅವರು ತೆಗೆದುಕೊಳ್ಳುವ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ, ರಕ್ತ ತೆಳು ಮಾಡುವ ಮಾತ್ರೆ ಇದ್ದರಂತೂ ತಪ್ಪದೆ.

ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಕೊಡಬೇಡಿ. ಹೃದಯಾಘಾತದಲ್ಲಿ ಅದು ಒಳ್ಳೆಯದೇ, ಆದರೆ ಇಲ್ಲಿ ನಾಳ ಕಟ್ಟಿದೆಯೋ ಒಡೆದಿದೆಯೋ ನಿಮಗೆ ಗೊತ್ತಿಲ್ಲ. ಒಡೆದಿದ್ದರೆ ಅದೇ ಮಾತ್ರೆ ರಕ್ತಸ್ರಾವ ಹೆಚ್ಚಿಸುತ್ತದೆ. ಬಿಪಿ ಮಾತ್ರೆ ಕೊಟ್ಟು ಒತ್ತಡ ಇಳಿಸಲೂ ಹೋಗಬೇಡಿ. ನಾಳ ಕಟ್ಟಿದಾಗ ದೇಹ ಬಿಪಿ ಏರಿಸುತ್ತದೆ, ಆ ಒತ್ತಡದಿಂದಲೇ ಮೊದಲು ಹೇಳಿದ ಅಂಚಿಗೆ ಸ್ವಲ್ಪ ರಕ್ತ ಸಿಗುತ್ತಿರುತ್ತದೆ.

ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದರೆ? ಆಗಲೂ ಹೊರಡಿ. ಹೆಪ್ಪು ತಾನಾಗಿ ಕರಗಿ ದಾರಿ ತೆರೆದುಕೊಂಡಿರಬಹುದು. ಇಂಥ ಸಣ್ಣ ಆಘಾತವಾದವರಿಗೆ ನಿಜವಾದ ಪಾರ್ಶ್ವವಾಯು ಬರುವ ಅಪಾಯ ಮೊದಲ ಎರಡು ದಿನಗಳಲ್ಲೇ ಅತಿ ಹೆಚ್ಚು. ನನಗೆ ಕೇಳಿದರೆ, ಇಡೀ ಕಾಯಿಲೆಯಲ್ಲಿ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ. ಹಾನಿ ಇನ್ನೂ ಆಗಿಲ್ಲ, ಕಾರಣ ಹುಡುಕಲು ಸಮಯ ಇದೆ. ಕಾರಣ ಹೃದಯದ ಲಯ ಅಲ್ಲದಿದ್ದರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ಜೊತೆಯಾಗಿ ಸುಮಾರು 3 ವಾರ ಕೊಟ್ಟರೆ ಅಪಾಯ ಚೆನ್ನಾಗಿಯೇ ಇಳಿಯುತ್ತದೆ. ಆದರೂ ಸರಿಹೋಯಿತಲ್ಲ ಎಂದು ಜನ ಮನೆಯಲ್ಲೇ ಉಳಿದುಬಿಡುತ್ತಾರೆ.

ಆಸ್ಪತ್ರೆಯ ಮೊದಲ ಗಂಟೆ

ಮೊದಲು ಬೆರಳು ಚುಚ್ಚಿ ಶುಗರ್ ನೋಡುತ್ತಾರೆ. ಶುಗರ್ ತೀರಾ ಇಳಿದರೆ ಅದೂ ಪಾರ್ಶ್ವವಾಯುವಿನ ಹಾಗೇ ಕಾಣಬಹುದು, ಅದಕ್ಕೆ ಗ್ಲೂಕೋಸ್ ಸಾಕು. ಫಿಟ್ಸ್ ಬಂದು ಹೋದ ಮೇಲೆ ಸ್ವಲ್ಪ ಹೊತ್ತು ಕೈ ಬೀಳುವುದು, ಕೆಲವು ಬಗೆಯ ಮೈಗ್ರೇನ್ ಇವೂ ಹಾಗೇ ಮೋಸ ಮಾಡುತ್ತವೆ. ಮುಖದ ನರ ಮಾತ್ರ ಸೋತಿದ್ದರೆ ಹಣೆಯಲ್ಲೂ ಆ ಕಡೆ ನೆರಿಗೆ ಬರುವುದಿಲ್ಲ. ಪಾರ್ಶ್ವವಾಯುವಿನಲ್ಲಿ ಬಾಯಿ ಸೊಟ್ಟಗಾದರೂ ಸಾಮಾನ್ಯವಾಗಿ ಹಣೆ ಏರಿಸಲು ಬರುತ್ತದೆ. ಆಮೇಲೆ ಪ್ರಜ್ಞೆ, ನೋಟ, ಕೈಕಾಲು, ಮಾತು ಎಲ್ಲಕ್ಕೂ 0ಯಿಂದ 42ರವರೆಗಿನ ಒಂದು ಅಳತೆಯಲ್ಲಿ ಅಂಕ ಹಾಕುತ್ತಾರೆ. ಅಂಕ ಜಾಸ್ತಿಯಾದಷ್ಟೂ ಹಾನಿ ಜಾಸ್ತಿ.

ನಂತರ ಸಿಟಿ ಸ್ಕ್ಯಾನ್. ಈ ಯಂತ್ರದಲ್ಲಿ ರೋಗಿಯೊಬ್ಬರ ತಲೆಯನ್ನು ಮೊದಲ ಸಲ ನೋಡಿದ್ದು 1971ರಲ್ಲಿ. ಅದಕ್ಕೆ ಮುಂಚೆ ನಾಳ ಕಟ್ಟಿದೆಯೋ ಒಡೆದಿದೆಯೋ ಎಂದು ಬದುಕಿರುವಾಗ ಖಚಿತವಾಗಿ ಹೇಳುವುದು ಬಹಳ ಕಷ್ಟವಿತ್ತು. ಸೋರಿದ ರಕ್ತ ಸ್ಕ್ಯಾನ್‌ನಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ನಾಳ ಕಟ್ಟಿದ್ದರೆ ಮೊದಲ ಗಂಟೆಗಳಲ್ಲಿ ಚಿತ್ರ ಸರಿಯಾಗಿಯೇ ಕಾಣಬಹುದು. "ಸ್ಕ್ಯಾನ್ ನಾರ್ಮಲ್ ಬಂತು, ಆದರೂ ಪಾರ್ಶ್ವವಾಯು ಅಂತಾರೆ" ಎಂದು ಮನೆಯವರು ಗೊಂದಲಗೊಳ್ಳುವುದು ಇಲ್ಲೇ. ಆ ಹೊತ್ತಿನಲ್ಲಿ ಸಿಟಿಯಿಂದ ಬೇಕಾಗಿರುವ ಮುಖ್ಯ ಉತ್ತರ ರಕ್ತಸ್ರಾವ ಇಲ್ಲ ಎಂಬುದು. ಎಂಆರ್‌ಐನ ಒಂದು ವಿಶೇಷ ಬಗೆ ಹಾನಿಯನ್ನು ನಿಮಿಷಗಳಲ್ಲೇ ತೋರಿಸುತ್ತದೆ. ಎದ್ದಾಗಲೇ ಕೈ ಬಿದ್ದಿದ್ದವರಲ್ಲಿ ಹಾನಿ ಎಷ್ಟು ಹೊಸದು ಎಂದು ಅಂದಾಜು ಮಾಡಲೂ ಅದು ಸಹಾಯಕ್ಕೆ ಬರುತ್ತದೆ. ಜೊತೆಗೆ ಬಣ್ಣದ್ರವ ಚುಚ್ಚಿ ನಾಳಗಳ ಚಿತ್ರ ತೆಗೆದರೆ, ದೊಡ್ಡ ನಾಳ ಎಲ್ಲಿ ಕಟ್ಟಿದೆ ಎಂದು ಗೊತ್ತಾಗುತ್ತದೆ.

ನಾಳ ಕಟ್ಟಿದ್ದು ಖಚಿತವಾದರೆ ಹೆಪ್ಪು ಕರಗಿಸುವ ಮದ್ದು. 1995ರಲ್ಲಿ ಅಮೆರಿಕದ ಪ್ರಯೋಗವೊಂದು, 3 ಗಂಟೆಯೊಳಗೆ ಆಲ್ಟಿಪ್ಲೇಸ್ ಎಂಬ ಮದ್ದು ಕೊಟ್ಟರೆ ಅಂಗವಿಕಲತೆ ಇಲ್ಲದೆ ಅಥವಾ ಬಹಳ ಕಡಿಮೆ ಉಳಿದು ಚೇತರಿಸಿಕೊಳ್ಳುವವರು ಜಾಸ್ತಿಯಾಗುತ್ತಾರೆ ಎಂದು ತೋರಿಸಿತು. 2008ರಲ್ಲಿ ಈ ಗಡಿ 4.5 ಗಂಟೆಗೆ ಏರಿತು. ಈಗ ಟೆನೆಕ್ಟಿಪ್ಲೇಸ್ ಎಂಬ ಮದ್ದೂ ಬಳಕೆಯಲ್ಲಿದೆ, ಒಂದೇ ಸಲ ಚುಚ್ಚಿದರೆ ಸಾಕು. ಅಪಾಯ ಇಲ್ಲವೆಂದಲ್ಲ. 1995ರ ಆ ಪ್ರಯೋಗದಲ್ಲಿ ಮದ್ದು ಪಡೆದ ನೂರರಲ್ಲಿ ಸುಮಾರು 6 ಜನರಿಗೆ ಮೆದುಳಿನಲ್ಲಿ ಗಂಭೀರ ರಕ್ತಸ್ರಾವ ಆಯಿತು. ಇತ್ತೀಚೆಗೆ ಆಪರೇಶನ್ ಆದವರಿಗೆ, ರಕ್ತ ತೆಳು ಮಾಡುವ ಮದ್ದಿನಲ್ಲಿರುವ ಹಲವರಿಗೆ, ಬಿಪಿ 185/110ಕ್ಕಿಂತ ಕೆಳಗೆ ಬರದವರಿಗೆ ಇದನ್ನು ಕೊಡುವುದಿಲ್ಲ. ಸಹಿ ಹಾಕಬೇಕಾದ ಮನೆಯವರು ಹೆದರುವುದು ಸಹಜ. ಆದರೆ ಆ ಅಪಾಯವನ್ನೂ ಸೇರಿಸಿ ಲೆಕ್ಕ ಹಾಕಿದಾಗಲೇ ಲಾಭ ಜಾಸ್ತಿ ಎಂದು ಕಂಡಿದ್ದು, ಮತ್ತು ಬೇಗ ಕೊಟ್ಟಷ್ಟೂ ಆ ಲಾಭ ಹೆಚ್ಚು.

ದೊಡ್ಡ ಹೆಪ್ಪನ್ನು ಮದ್ದು ಒಂದೇ ಕರಗಿಸುವುದು ಕಷ್ಟ. ಅದಕ್ಕೆ ತೊಡೆಯ ಸಂದಿಯ ಅಥವಾ ಮಣಿಕಟ್ಟಿನ ನಾಳದಿಂದ ತೆಳುವಾದ ಕೊಳವೆ ತೂರಿಸಿ, ಮೆದುಳಿನವರೆಗೆ ಒಯ್ದು, ಹೆಪ್ಪನ್ನು ಸಣ್ಣ ಬಲೆಯಿಂದ ಹಿಡಿದೋ ಹೀರಿಯೋ ಹೊರಗೆ ಎಳೆಯುತ್ತಾರೆ. ಇದು ಕೆಲಸ ಮಾಡುತ್ತದೆ ಎಂದು 2015ರಲ್ಲಿ ಒಂದರ ಹಿಂದೊಂದು 5 ಪ್ರಯೋಗಗಳು ತೋರಿಸಿದವು. ಹೀಗೆ ಚಿಕಿತ್ಸೆ ಪಡೆದ ಸುಮಾರು ಎರಡು ಮೂರು ಜನರಲ್ಲಿ ಒಬ್ಬರಿಗೆ ಅಂಗವಿಕಲತೆ ಒಂದು ಮೆಟ್ಟಿಲಾದರೂ ಇಳಿಯುತ್ತದೆ. ಇಷ್ಟು ದೊಡ್ಡ ಲಾಭ ಕೊಡುವ ಚಿಕಿತ್ಸೆಗಳು ವೈದ್ಯಕೀಯದಲ್ಲಿ ಕಡಿಮೆ. 2018ರಲ್ಲಿ, ಸ್ಕ್ಯಾನ್‌ನಲ್ಲಿ ಬದುಕಿರುವ ಅಂಚು ಇನ್ನೂ ಉಳಿದಿರುವುದು ಕಂಡರೆ 24 ಗಂಟೆಯವರೆಗೂ ಇದನ್ನು ಮಾಡಬಹುದು ಎಂದು ಗೊತ್ತಾಯಿತು. 24 ಗಂಟೆ ಸಮಯ ಇದೆ ಎಂದು ಇದರ ಅರ್ಥ ಅಲ್ಲ. ಅಷ್ಟು ಹೊತ್ತಿನವರೆಗೆ ಅಂಚು ಉಳಿದಿರುವ ಅದೃಷ್ಟ ಎಲ್ಲರಿಗೂ ಇರುವುದಿಲ್ಲ.

ರಕ್ತ ಸೋರಿದ್ದರೆ ಎಲ್ಲವೂ ತಿರುಗುಮುರುಗು. ಇಲ್ಲಿ ಬಿಪಿಯನ್ನು ಬೇಗ, ಮೇಲಿನ ಅಂಕಿ ಸುಮಾರು 140ಕ್ಕೆ ಬರುವಂತೆ ಇಳಿಸುತ್ತಾರೆ. ರಕ್ತ ತೆಳು ಮಾಡುವ ಮದ್ದಿನ ಪರಿಣಾಮ ಇದ್ದರೆ ಅದನ್ನು ತೆಗೆದುಹಾಕುವ ಮದ್ದು ಕೊಡುತ್ತಾರೆ. ಎಲ್ಲರಿಗೂ ಆಪರೇಶನ್ ಬೇಕಾಗುವುದಿಲ್ಲ. ಆದರೆ ಕಿರುಮೆದುಳಿನಲ್ಲಿ ದೊಡ್ಡ ರಕ್ತಸ್ರಾವ ಆಗಿದ್ದರೆ ಆಪರೇಶನ್ ಜೀವ ಉಳಿಸುತ್ತದೆ, ಯಾಕೆಂದರೆ ಅದರ ಪಕ್ಕದಲ್ಲೇ ಉಸಿರಾಟ ನಡೆಸುವ ಕಾಂಡ ಇದೆ. ಉಬ್ಬಿದ ಗುಳ್ಳೆ ಒಡೆದಿದ್ದರೆ ಅದಕ್ಕೆ ಹೊರಗಿನಿಂದ ಕ್ಲಿಪ್ ಹಾಕುತ್ತಾರೆ, ಇಲ್ಲವೇ ನಾಳದ ಒಳಗಿನಿಂದ ಹೋಗಿ ಲೋಹದ ಸುರುಳಿ ತುಂಬುತ್ತಾರೆ. ಆಮೇಲೂ ಎರಡು ವಾರ ಎಚ್ಚರ ಬೇಕು, ಸುತ್ತಲಿನ ನಾಳಗಳು ಸೆಟೆದು ಮುಚ್ಚಿಕೊಳ್ಳಬಹುದು. ಮೆದುಳಿನಿಂದ ರಕ್ತ ಹೊರಗೆ ಒಯ್ಯುವ ನಾಳ ಕಟ್ಟಿದವರಲ್ಲಿ ಮಾತ್ರ ಒಂದು ವಿಚಿತ್ರ ಇದೆ. ಸ್ವಲ್ಪ ರಕ್ತ ಸೋರಿದ್ದರೂ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುತ್ತಾರೆ. ಅಲ್ಲಿ ಸೋರಿಕೆಗೆ ಕಾರಣವೇ ದಾರಿ ಕಟ್ಟಿದ್ದು.

ನಂತರದ ದಿನಗಳು

ಮದ್ದಿನ ಸಮಯ ಮೀರಿ ಬಂದವರಿಗೆ ಮಾಡುವಂಥದ್ದು ಏನೂ ಇಲ್ಲ ಎಂದುಕೊಳ್ಳಬೇಡಿ. ಪಾರ್ಶ್ವವಾಯುವಿಗೇ ಮೀಸಲಾದ ವಾರ್ಡಿನಲ್ಲಿ, ತರಬೇತಾದ ನರ್ಸ್, ಫಿಸಿಯೋಥೆರಪಿಸ್ಟ್, ಮಾತಿನ ಚಿಕಿತ್ಸಕರು ಒಟ್ಟಾಗಿ ನೋಡಿಕೊಂಡರೆ ಸಾವೂ ಅಂಗವಿಕಲತೆಯೂ ಕಡಿಮೆಯಾಗುತ್ತವೆ. ಇದು ಚೆನ್ನಾಗಿ ಸಾಬೀತಾದ ಸಂಗತಿ. ನುಂಗುವ ಪರೀಕ್ಷೆ ಮಾಡಿ ಆಮೇಲೆ ಊಟ ಕೊಡುವುದು, ಜ್ವರ ಬಂದರೆ ಇಳಿಸುವುದು, ಮಗ್ಗುಲು ತಿರುಗಿಸುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು, ಇವೆಲ್ಲ ದೊಡ್ಡ ಸುದ್ದಿಯಾಗುವ ಕೆಲಸಗಳಲ್ಲ. ಆದರೆ ಜೀವ ಉಳಿಯುವುದು ಇವುಗಳಿಂದ. ಹಾನಿ ದೊಡ್ಡದಿದ್ದರೆ ಮೆದುಳು ಊದಿಕೊಂಡು ಒತ್ತಡ ಏರುತ್ತದೆ. ಆಗ ತಲೆಬುರುಡೆಯ ಒಂದು ಭಾಗ ತೆಗೆದು ಜಾಗ ಮಾಡಿಕೊಡಬೇಕಾಗಬಹುದು.

ಜೊತೆಯಲ್ಲೇ ಕಾರಣದ ಹುಡುಕಾಟ ನಡೆಯುತ್ತದೆ, ಯಾಕೆಂದರೆ ಎರಡನೇ ಸಲ ಬರದಂತೆ ತಡೆಯುವ ದಾರಿ ಕಾರಣದ ಮೇಲಿದೆ. ಹೃದಯದ ಲಯ ತಪ್ಪಿದ್ದರೆ ರಕ್ತ ತೆಳು ಮಾಡುವ ಮಾತ್ರೆ ಅಪಾಯವನ್ನು ಮೂರನೇ ಎರಡರಷ್ಟು ಇಳಿಸುತ್ತದೆ. ಅದೇ ಬದಿಯ ಕತ್ತಿನ ನಾಳ 70 ಶೇಕಡಾಕ್ಕಿಂತ ಜಾಸ್ತಿ ಕಿರಿದಾಗಿದ್ದರೆ ಎರಡು ವಾರದೊಳಗೆ ಅದನ್ನು ಶುಚಿ ಮಾಡುವ ಆಪರೇಶನ್ ಒಳ್ಳೆಯದು. ಉಳಿದವರಿಗೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಕೊಬ್ಬು ಇಳಿಸುವ ಸ್ಟ್ಯಾಟಿನ್. ಎಲ್ಲರಿಗೂ ಬಿಪಿ ಹಿಡಿತ. ಸಿಗರೇಟ್ ಪೂರ್ತಿ ನಿಲ್ಲಬೇಕು. ಬಿಪಿ ನಾರ್ಮಲ್ ಬಂತು ಎಂದು ಮಾತ್ರೆ ಬಿಡುವವರು ಬಹಳ ಜನ. ಅದು ನಾರ್ಮಲ್ ಇರುವುದು ಮಾತ್ರೆಯಿಂದ ಅಲ್ವಾ?

ಚೇತರಿಕೆಯಲ್ಲಿ ಸತ್ತ ಕೋಶ ಮರಳುವುದಿಲ್ಲ, ಉಳಿದ ಮೆದುಳು ಕೆಲಸ ಕಲಿಯುತ್ತದೆ. ಅದು ಕಲಿಯುವುದು ಬಳಕೆಯಿಂದ ಮಾತ್ರ. ಬೇಗ ಎದ್ದು ಕೂರಿಸಬೇಕು ನಿಜ, ಆದರೆ ಮೊದಲ 24 ಗಂಟೆಯಲ್ಲೇ ಜೋರಾಗಿ ವ್ಯಾಯಾಮ ಮಾಡಿಸುವುದರಿಂದ ಲಾಭ ಆಗಲಿಲ್ಲ ಎಂದು 2015ರ ದೊಡ್ಡ ಪ್ರಯೋಗವೊಂದು ಹೇಳಿತು. ಅಲ್ಲಿಂದ ಮುಂದೆ ಮಾತ್ರ ದಿನಾಲೂ, ಬೇಸರವಾದರೂ, ಅದದೇ ಕೆಲಸವನ್ನು ನೂರಾರು ಸಲ ಮಾಡಿಸಬೇಕು. ಬಟನ್ ಹಾಕುವುದು ಕಲಿಯಬೇಕಾದರೆ ಬಟನ್ ಹಾಕಿಯೇ ಕಲಿಯಬೇಕು. ಸ್ವಲ್ಪ ಚಲನೆ ಉಳಿದಿರುವವರಿಗೆ, ಚೆನ್ನಾಗಿರುವ ಕೈಗೆ ಗವಸು ಹಾಕಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ವಿಧಾನ ಇದೆ, ಅದರಿಂದ ಫಲ ಸಿಕ್ಕಿದೆ. ಸೋತ ಕೈ ಹಿಡಿದು ಎಳೆದು ಎಬ್ಬಿಸುವುದನ್ನು ಮಾತ್ರ ಯಾರೂ ಮಾಡಬಾರದು. ಭುಜದ ಕೀಲು ಸಡಿಲವಾಗಿರುತ್ತದೆ, ಹೀಗೆ ಎಳೆದರೆ ತಿಂಗಳುಗಟ್ಟಲೆ ಕಾಡುವ ನೋವು ಬರುತ್ತದೆ.

ಪಾರ್ಶ್ವವಾಯು ಆದ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ವ್ಯಾಯಾಮಕ್ಕೆ ಏಳುವುದಿಲ್ಲ, ಊಟ ಬೇಡ ಅನ್ನುತ್ತಾರೆ, ಸೋಮಾರಿತನ ಎಂದು ಬೈಸಿಕೊಳ್ಳುತ್ತಾರೆ. ಇದಕ್ಕೆ ಮದ್ದಿದೆ, ವೈದ್ಯರಿಗೆ ಹೇಳಬೇಕು. ಕಾರಣವಿಲ್ಲದೆ ಅಳು ಉಕ್ಕಿ ಬರುವುದೂ ಮೆದುಳಿನ ಹಾನಿಯಿಂದಲೇ ಆಗಬಹುದು.

ಮಾತು ಕಳೆದುಕೊಂಡವರ ಬುದ್ಧಿ ಹೋಗಿದೆ ಎಂದು ತಿಳಿಯುವುದು ದೊಡ್ಡ ಅನ್ಯಾಯ. ಪದ ಸಿಗುವುದಿಲ್ಲ ಅಷ್ಟೆ, ಏನು ಹೇಳಬೇಕು ಎಂಬುದು ಎಷ್ಟೋ ಜನರಿಗೆ ಒಳಗೆ ಸ್ಪಷ್ಟವಾಗಿರುತ್ತದೆ. ಟಿವಿ ಆರಿಸಿ, ಎದುರಿಗೆ ಕೂತು, ಚಿಕ್ಕ ವಾಕ್ಯದಲ್ಲಿ ಮಾತಾಡಿ. ಹೌದು ಇಲ್ಲ ಎಂದು ಉತ್ತರಿಸುವಂತೆ ಕೇಳಿ. ಅವರು ಪದ ಹುಡುಕುತ್ತಿರುವಾಗ ಕಾಯಿರಿ, ನೀವೇ ಮುಗಿಸಿಬಿಡಬೇಡಿ. ಅವರ ಎದುರೇ ಅವರ ಬಗ್ಗೆ, ಅವರು ಇಲ್ಲವೇನೋ ಎಂಬಂತೆ ಮಾತಾಡಬೇಡಿ. ಆರು ತಿಂಗಳು ಕಳೆದ ಮೇಲೆ ಇನ್ನೇನೂ ಆಗುವುದಿಲ್ಲ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ, ಅದು ಸರಿಯಲ್ಲ. 2017ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಪ್ರಯೋಗದಲ್ಲಿ, ಪಾರ್ಶ್ವವಾಯು ಆಗಿ ಆರು ತಿಂಗಳಾದರೂ ಕಳೆದಿದ್ದವರಿಗೆ ವಾರಕ್ಕೆ 10 ಗಂಟೆ ಅಥವಾ ಅದಕ್ಕೂ ಜಾಸ್ತಿ, ಕನಿಷ್ಠ 3 ವಾರ ಮಾತಿನ ಚಿಕಿತ್ಸೆ ಕೊಟ್ಟರು. ದಿನನಿತ್ಯದ ಸಂದರ್ಭಗಳಲ್ಲಿ ಅವರ ಮಾತು ಸುಧಾರಿಸಿತು. ವರ್ಷ ಕಳೆದಿದ್ದರೂ ಚಿಕಿತ್ಸಕರನ್ನು ಕೇಳುವುದಕ್ಕೆ ತಡವಾಗಿಲ್ಲ.